ಫಿಟ್ಟರ್ ಡೆಂಗ್ ಹಾಕಿಸಿದ ಬೇಲಿ

ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬಿನಲ್ಲಿ ನಮಗೆಲ್ಲ ಒಂದು ಕಬ್ಬಿಣದ ತುಂಡು, ಒಂದು ಅರ ಕೊಟ್ಟು ಉಜ್ಜಿ ಅಂತಾರೆ. ತುಂಡನ್ನು ವೈಸ್‌ಗೆ ಕಚ್ಚಿಸಿ, ಅಂಚು ನೇರ ಬರೋವರೆಗೂ ಉಜ್ಜಬೇಕು. ಹತ್ತು ನಿಮಿಷಕ್ಕೆ ಭುಜ ಹಿಡ್ಕೊಳ್ಳುತ್ತೆ. ಟ್ರೈ ಸ್ಕ್ವೇರ್ ಇಟ್ಟು ನೋಡಿದರೆ ಸಂದಿಯಲ್ಲಿ ಬೆಳಕು ಇನ್ನೂ ಕಾಣ್ತಿರುತ್ತೆ. ಇದೇ ಕೆಲಸವನ್ನು 65ನೇ ವಯಸ್ಸಿನಲ್ಲಿ, ಶಿಕ್ಷೆಯ ರೂಪದಲ್ಲಿ, ಮೂರು ವರ್ಷಕ್ಕೂ ಹೆಚ್ಚು ಕಾಲ ಮಾಡಿದ ಒಬ್ಬ ಮನುಷ್ಯನಿದ್ದ. ಅದಾಗಿ ಕೆಲವೇ ವರ್ಷಕ್ಕೆ ಆತ ನೂರು ಕೋಟಿ ಹತ್ತಿರದ ಜನರಿದ್ದ ದೇಶದ ಚುಕ್ಕಾಣಿ ಹಿಡಿದ. ಹೆಸರು ಡೆಂಗ್ ಶಿಯಾವೊಪಿಂಗ್.

ಡೆಂಗ್ ಬದುಕಿನ ಪೂರ್ತಿ ಕಥೆ ಹೇಳೋಕೆ ಒಂದು ಸಂಚಿಕೆ ಸಾಲದು. ನಾವು ಇಲ್ಲಿ ಒಂದೇ ಎಳೆ ಹಿಡಿದು ಹೋಗ್ತೀವಿ: ವಿಶೇಷ ಆರ್ಥಿಕ ವಲಯ, ಅಂದರೆ ಎಸ್‌ಇಝಡ್. ಪ್ಲೇಸ್‌ಮೆಂಟ್ ಆದ ಸೀನಿಯರ್‌ಗಳನ್ನು ಕೇಳಿ ನೋಡಿ, ಅವರ ಆಫೀಸ್ ಇರೋ ಬ್ಲಾಕ್ ಎಸ್‌ಇಝಡ್ ಒಳಗೋ ಹೊರಗೋ ಅಂತ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅನೇಕರಿಗೆ ಅದು ಒಳಗೇ. ಆದರೆ ಒಂದು ಜಾಗಕ್ಕೆ ಬೇಲಿ ಹಾಕಿ ಬೇರೆ ಕಾನೂನು ಮಾಡಿದರೆ ಹೊರದೇಶದ ಬಂಡವಾಳ ಯಾಕೆ ಓಡಿ ಬರುತ್ತೆ, ಬಂದಮೇಲೆ ಏನಾಗುತ್ತೆ ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ತೆರಿಗೆ ರಿಯಾಯಿತಿ ಕೊಟ್ಟರೆ ಸಾಕು, ಕಂಪನಿಗಳು ಬರ್ತಾವೆ ಅಂತ ಸುಲಭವಾಗಿ ಹೇಳಿಬಿಡ್ತೀವಿ. ಡೆಂಗ್ ಕಥೆ ಓದಿದರೆ ಅದು ಅಷ್ಟು ಸುಲಭ ಅಲ್ಲ ಅನ್ನೋದು ಗೊತ್ತಾಗುತ್ತೆ.

ಕೂಲಿಗೆ ಹೋದ ಹುಡುಗ

ಡೆಂಗ್ ಹುಟ್ಟಿದ್ದು 1904ರ ಆಗಸ್ಟ್ 22ರಂದು, ಚೀನಾದ ಒಳನಾಡಾದ ಸಿಚುವಾನ್ ಪ್ರಾಂತ್ಯದ ಗುವಾಂಗ್‌ಆನ್‌ನಲ್ಲಿ. ಮನೆತನಕ್ಕೆ ಒಂದಿಷ್ಟು ಜಮೀನಿತ್ತು. ಆಗ ಚೀನಾದ ಹುಡುಗರನ್ನು ಫ್ರಾನ್ಸಿಗೆ ಕಳಿಸಿ, ದುಡಿಯುತ್ತಾ ಓದಿಸುವ ಒಂದು ಯೋಜನೆ ನಡೀತಿತ್ತು. 1920ರಲ್ಲಿ 16ರ ಡೆಂಗ್ ಆ ಯೋಜನೆಯಲ್ಲಿ ಶಾಂಘೈನಿಂದ ಹಡಗು ಹತ್ತಿದ.

ಓದು ಕೆಲವೇ ತಿಂಗಳಲ್ಲಿ ನಿಂತಿತು. ಕೈಯಲ್ಲಿ ದುಡ್ಡಿರಲಿಲ್ಲ. ಉಳಿದದ್ದು ದುಡಿಮೆ ಮಾತ್ರ. 1921ರಲ್ಲಿ ಲ ಕ್ರೂಜೋ ಎಂಬ ಊರಿನ ಶ್ನೈಡರ್ ಉಕ್ಕಿನ ಕಾರ್ಖಾನೆ ಸೇರಿದ. ಕುಳ್ಳಗಿನ ಹುಡುಗ, ಕಾದ ಉಕ್ಕಿನ ಮುಂದೆ ಮೈಮುರಿಯುವ ಕೆಲಸ. ಒಂದು ತಿಂಗಳೂ ನಿಲ್ಲಲಿಲ್ಲ. ಆಮೇಲೆ ಹಚಿನ್‌ಸನ್ ರಬ್ಬರ್ ಕಾರ್ಖಾನೆಯಲ್ಲಿ ಮಳೆಗಾಲದ ಬೂಟು ಮಾಡುವ ಕೆಲಸ. ಕೊನೆಗೆ 1925ರಲ್ಲಿ ಪ್ಯಾರಿಸ್ ಪಕ್ಕದ ಬಿಯಾಂಕೂರಿನ ರೆನೋ ಕಾರು ಕಾರ್ಖಾನೆಯಲ್ಲಿ ಫಿಟ್ಟರ್. ಅರ ಹಿಡಿಯೋದನ್ನು ಆತ ಕಲಿತದ್ದು ಅಲ್ಲಿ.

ಡಿಗ್ರಿ ಸಿಗಲಿಲ್ಲ. ಆದರೆ ಆಧುನಿಕ ಕಾರ್ಖಾನೆ ಅಂದರೆ ಏನು ಅನ್ನೋದನ್ನು ಆತ ಪುಸ್ತಕದಿಂದ ಅಲ್ಲ, ಕೂಲಿಯವನಾಗಿ ಒಳಗಿನಿಂದ ಕಂಡ. ಪರದೇಶದ ಬಂಡವಾಳ, ಪರದೇಶದ ಯಂತ್ರ, ಅಗ್ಗದ ಕೂಲಿಗೆ ಸಿಗುವ ದೂರದೂರಿನ ಹುಡುಗರು: ಈ ಮೂರೂ ಒಂದೇ ಸೂರಿನಡಿ ಸೇರಿದಾಗ ಏನು ತಯಾರಾಗುತ್ತೆ, ಲಾಭ ಯಾರ ಜೇಬಿಗೆ ಹೋಗುತ್ತೆ ಅನ್ನೋದು ಆತನಿಗೆ ಸ್ವಂತ ಅನುಭವ. ಕಮ್ಯುನಿಸ್ಟ್ ಆದದ್ದೂ ಫ್ರಾನ್ಸಿನಲ್ಲೇ. 1926ರ ಆರಂಭದಲ್ಲಿ ಮಾಸ್ಕೋಗೆ ಹೋಗಿ, 1927ರಲ್ಲಿ ಚೀನಾಕ್ಕೆ ವಾಪಸಾದ.

ಆಮೇಲಿನ ಎರಡು ದಶಕ ಯುದ್ಧದಲ್ಲೇ ಕಳೆಯಿತು. 1934–35ರ ಲಾಂಗ್ ಮಾರ್ಚ್, ಜಪಾನಿನ ವಿರುದ್ಧದ ಹೋರಾಟ, ಒಳಯುದ್ಧ. 1949ರಲ್ಲಿ ಕಮ್ಯುನಿಸ್ಟರು ಗೆದ್ದ ಮೇಲೆ ಡೆಂಗ್ ಪಕ್ಷದ ಮೇಲಿನ ಸಾಲಿಗೆ ಬಂದ. ಆತನನ್ನು ಹೂವಿನಂಥ ಮನುಷ್ಯ ಅಂತ ಯಾರೂ ತಿಳಿಯಬೇಡಿ. 1957ರಲ್ಲಿ ಲಕ್ಷಾಂತರ ಓದಿದವರಿಗೆ ಬಲಪಂಥೀಯರು ಅಂತ ಹಣೆಪಟ್ಟಿ ಹಚ್ಚಿ ಕೆಲಸ ಕಿತ್ತುಕೊಂಡ, ಊರು ಬಿಡಿಸಿದ ಅಭಿಯಾನವನ್ನು ಮುಂದೆ ನಿಂತು ನಡೆಸಿದವರಲ್ಲಿ ಆತನೂ ಒಬ್ಬ.

ರೇಡಿಯೋ ರಿಪೇರಿ

1966ರಲ್ಲಿ ಮಾವೊ ಸಾಂಸ್ಕೃತಿಕ ಕ್ರಾಂತಿ ಶುರು ಮಾಡಿದಾಗ ಡೆಂಗ್‌ಗೇ ತಿರುಗುಬಾಣ. ಬಂಡವಾಳಶಾಹಿ ದಾರಿ ಹಿಡಿದವನು ಅನ್ನೋ ಆರೋಪ ಬಂತು. ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುತ್ತಿದ್ದ ಹಿರಿಮಗ ಪುಫಾಂಗ್‌ನನ್ನು 1968ರಲ್ಲಿ ರೆಡ್ ಗಾರ್ಡ್‌ಗಳು ಹಿಂಸಿಸಿದರು. ಮಹಡಿಯಿಂದ ಬಿದ್ದು ಬೆನ್ನುಹುರಿ ಮುರಿದು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ನಮ್ಮ ವಯಸ್ಸಿನವನೇ.

1969ರಲ್ಲಿ ಡೆಂಗ್ ಮತ್ತು ಹೆಂಡತಿ ಜುವೊ ಲಿನ್ ಅವರನ್ನು ಜಿಯಾಂಗ್‌ಶಿ ಪ್ರಾಂತ್ಯಕ್ಕೆ ಕಳಿಸಿದರು. ಅಲ್ಲಿನ ಟ್ರ್ಯಾಕ್ಟರ್ ರಿಪೇರಿ ಕಾರ್ಖಾನೆಯಲ್ಲಿ ದಿನಾ ಅರ್ಧ ಹೊತ್ತು ಕೆಲಸ. ಫ್ರಾನ್ಸಿನ ಹಳೇ ವಿದ್ಯೆ ಕೈಬಿಡಲಿಲ್ಲ. ಡೆಂಗ್ ಅರ ಹಿಡಿದು ಫಿಟ್ಟರ್ ಬೆಂಚಿನ ಮುಂದೆ ನಿಂತ. ಕಾರ್ಖಾನೆಯವರು ಮುದುಕನಿಗೆ ನಡೆಯೋ ದೂರ ಕಡಿಮೆಯಾಗಲಿ ಅಂತ ಗದ್ದೆ ನಡುವೆ ಒಂದು ಕಾಲುದಾರಿ ಮಾಡಿಕೊಟ್ಟರು. ನಡೆದಾಡಲಾಗದ ಮಗ ಬಂದ ಮೇಲೆ ಅವನಿಗೆ ಸ್ನಾನ ಮಾಡಿಸೋದು, ಮಗ್ಗುಲು ಬದಲಿಸೋದು ಎಲ್ಲ ಅಪ್ಪ ಅಮ್ಮಂದಿರದೇ ಕೆಲಸ.

ಆಗ ನಡೆದ ಒಂದು ಸಣ್ಣ ಘಟನೆ ನಮಗೆ ಮುಖ್ಯ ಅನಿಸಿತು. ಮಗ ಕೂತಲ್ಲೇ ಕೂತು ಕೊರಗೋದನ್ನು ನೋಡಲಾಗದೆ ಡೆಂಗ್ ಕಾರ್ಖಾನೆಯಲ್ಲಿ ವಿಚಾರಿಸಿದ: ಯಾರ ಮನೇಲಾದರೂ ಕೆಟ್ಟ ರೇಡಿಯೋ ಇದ್ದರೆ ಕೊಡಿ, ನನ್ನ ಹುಡುಗ ರಿಪೇರಿ ಮಾಡ್ತಾನೆ ಅಂತ. ಸಿಕ್ಕ ಉತ್ತರ ಇಷ್ಟೇ: ರಿಪೇರಿಗೆ ಕೊಡೋಕೆ ರೇಡಿಯೋ ಕೊಂಡವರಾದರೂ ಇರಬೇಕಲ್ಲ. ಕಾರ್ಮಿಕರ ಹೆಸರಿನಲ್ಲಿ ಕ್ರಾಂತಿ ಆಗಿ ಇಪ್ಪತ್ತು ವರ್ಷ ದಾಟಿತ್ತು. ದಿನವಿಡೀ ದುಡಿಯುವ ಕಾರ್ಮಿಕನ ಮನೆಯಲ್ಲಿ ಒಂದು ರೇಡಿಯೋ ಇರಲಿಲ್ಲ.

1973ರಲ್ಲಿ ಡೆಂಗ್‌ಗೆ ಮತ್ತೆ ಕರೆ ಬಂತು. 1976ರಲ್ಲಿ ಚೌ ಎನ್‌ಲಾಯ್ ಸತ್ತ ಮೇಲೆ ಮತ್ತೆ ಕೆಳಗಿಳಿಸಿದರು. ಅದೇ ವರ್ಷ ಮಾವೊ ತೀರಿಕೊಂಡ. 1977ರಲ್ಲಿ ಡೆಂಗ್ ಮೂರನೇ ಸಲ ಎದ್ದು ಬಂದ. ಆಗ ವಯಸ್ಸು 73 ಹತ್ತಿರ.

ಗಡಿ ದಾಟುವ ಜನ

ಬಂದವನೇ ಮಾಡಿಸಿದ ಮೊದಲ ದೊಡ್ಡ ಕೆಲಸ ನಮಗೆಲ್ಲ ಅರ್ಥ ಆಗುವಂಥದ್ದು: ಹತ್ತು ವರ್ಷದಿಂದ ನಿಂತುಹೋಗಿದ್ದ ಕಾಲೇಜು ಪ್ರವೇಶ ಪರೀಕ್ಷೆ ಮತ್ತೆ ಶುರು. 1977ರ ಚಳಿಗಾಲದಲ್ಲಿ 57 ಲಕ್ಷ ಜನ ಪರೀಕ್ಷೆ ಬರೆದರು. ಸೀಟು ಸಿಕ್ಕಿದ್ದು ಸುಮಾರು 2 ಲಕ್ಷ 70 ಸಾವಿರ ಮಂದಿಗೆ.

ಅದೇ ವರ್ಷ ನವೆಂಬರಿನಲ್ಲಿ ಡೆಂಗ್ ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತ್ಯಕ್ಕೆ ಹೋದ. ಅಲ್ಲಿನ ಅಧಿಕಾರಿಗಳ ದೊಡ್ಡ ತಲೆನೋವು ಬಾವ್‌ಆನ್ ಜಿಲ್ಲೆಯದ್ದು. ಒಂದು ಸಣ್ಣ ನದಿ ದಾಟಿದರೆ ಬ್ರಿಟಿಷರ ಹಾಂಗ್‌ಕಾಂಗ್. ಹರೆಯದವರು ರಾತ್ರೋರಾತ್ರಿ ಈಜಿ, ಬೇಲಿ ಹಾರಿ ಆಚೆ ಹೋಗ್ತಿದ್ದರು. ಎಷ್ಟೋ ಜನ ನೀರಲ್ಲೇ ಹೆಣವಾದರು. ಆಚೆ ದಡದಲ್ಲಿ ಕೂಲಿ ಎಷ್ಟೋ ಪಟ್ಟು ಜಾಸ್ತಿ. ಇನ್ನಷ್ಟು ಸೈನಿಕರನ್ನು ಹಾಕಿದರೆ ನಿಲ್ಲಿಸಬಹುದೇನೋ ಅನ್ನೋದು ಸ್ಥಳೀಯರ ಯೋಚನೆ. ಡೆಂಗ್ ಒಪ್ಪಲಿಲ್ಲ. ಸೈನ್ಯದಿಂದ ಇದು ನಿಲ್ಲಲ್ಲ, ತಪ್ಪಿರೋದು ನಮ್ಮ ನೀತಿಯಲ್ಲಿ ಅನ್ನೋ ಅರ್ಥದ ಮಾತು ಹೇಳಿ ಹೋದ. ಹದಿನಾರರ ವಯಸ್ಸಿನಲ್ಲಿ ದುಡಿಯೋಕೆ ಸಮುದ್ರ ದಾಟಿದವನಿಗೆ ಈ ಹುಡುಗರು ಯಾಕೆ ಓಡ್ತಾರೆ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ.

1978ರ ಅಕ್ಟೋಬರ್‌ನಲ್ಲಿ ಜಪಾನ್ ಪ್ರವಾಸ. ಬುಲೆಟ್ ರೈಲು, ಕಿಮಿತ್ಸು ಉಕ್ಕಿನ ಸ್ಥಾವರ, ಮತ್ಸುಶಿತಾ ಟಿವಿ ಕಾರ್ಖಾನೆ, ನಿಸಾನ್ ಕಾರು ಕಾರ್ಖಾನೆ. ನಿಸಾನ್‌ನಲ್ಲಿ ಒಬ್ಬ ಕಾರ್ಮಿಕನ ಲೆಕ್ಕಕ್ಕೆ ವರ್ಷಕ್ಕೆ 94 ಕಾರು ಬರುತ್ತೆ ಅಂತ ಹೇಳಿದರಂತೆ. ಚೀನಾದ ಅತಿ ದೊಡ್ಡ ವಾಹನ ಕಾರ್ಖಾನೆಯಲ್ಲಿ ಆ ಲೆಕ್ಕ ಒಂದರ ಹತ್ತಿರ ಇತ್ತು. ನವೆಂಬರ್‌ನಲ್ಲಿ ಸಿಂಗಪುರ. 1920ರಲ್ಲಿ ಹಡಗಿನಲ್ಲಿ ಹೋಗುವಾಗ ಕಂಡಿದ್ದ ಊರು ಈಗ ಗುರುತೇ ಸಿಗದಂತೆ ಬದಲಾಗಿತ್ತು. ಅಲ್ಲಿ ಕಾರ್ಖಾನೆ ನಡೆಸುತ್ತಿದ್ದವರಲ್ಲಿ ಬಹುಪಾಲು ಪರದೇಶದ ಕಂಪನಿಗಳು. ಹಾಗಾದರೆ ಸಿಂಗಪುರಕ್ಕೆ ಏನು ಸಿಕ್ಕಿತು? ಡೆಂಗ್ ಲೆಕ್ಕ ಹಾಕಿದ. ಕಂಪನಿಯ ಲಾಭದಲ್ಲಿ ಸರ್ಕಾರಕ್ಕೆ ತೆರಿಗೆ, ಕೆಲಸದವರಿಗೆ ಕೂಲಿ, ಸುತ್ತಮುತ್ತ ಸಾರಿಗೆ, ಊಟ, ವಸತಿ ಅಂತ ಹುಟ್ಟಿಕೊಳ್ಳುವ ವ್ಯಾಪಾರ. 1979ರಲ್ಲಿ ಆತ ಪಕ್ಷದವರಿಗೆ ಇದೇ ಲೆಕ್ಕ ಬಿಡಿಸಿ ಹೇಳಿದ.

ಹೇಳಲೇಬೇಕಾದ ಸ್ಥಿತಿ ಇತ್ತು. 1978ರ ಕೊನೆಗೆ ಚೀನಾದ ಬಳಿ ಇದ್ದ ವಿದೇಶಿ ವಿನಿಮಯ 16.7 ಕೋಟಿ ಡಾಲರ್. ಹೊಸ ಯಂತ್ರ ಕೊಳ್ಳೋಕೆ ದುಡ್ಡಿರಲಿಲ್ಲ. ಇದ್ದದ್ದು ಜನ ಮತ್ತು ಜಾಗ.

ಬೇಲಿಯೊಳಗೆ ಏನಿತ್ತು

1979ರ ಏಪ್ರಿಲ್‌ನಲ್ಲಿ ಬೀಜಿಂಗ್‌ನಲ್ಲಿ ಸಭೆ. ಗುವಾಂಗ್‌ಡಾಂಗ್‌ನ ಪಕ್ಷದ ಮುಖ್ಯಸ್ಥ ಶಿ ಝೊಂಗ್‌ಶುನ್ (ಇವತ್ತಿನ ಅಧ್ಯಕ್ಷ ಶಿ ಜಿನ್‌ಪಿಂಗ್ ಅವರ ತಂದೆ) ಒಂದು ಬೇಡಿಕೆ ಇಟ್ಟ: ನಮ್ಮ ಪ್ರಾಂತ್ಯಕ್ಕೆ ಸ್ವಲ್ಪ ಅಧಿಕಾರ ಬಿಟ್ಟುಕೊಡಿ, ಹಾಂಗ್‌ಕಾಂಗ್ ಪಕ್ಕದಲ್ಲಿ ರಫ್ತು ಕಾರ್ಖಾನೆ ತರ್ತೀವಿ. ಹೆಸರು ಏನಿಡೋದು ಅನ್ನೋದೇ ಸಮಸ್ಯೆ. ರಫ್ತು ಸಂಸ್ಕರಣಾ ವಲಯ ಅಂದರೆ ತೈವಾನ್ ನೆನಪಾಗುತ್ತೆ. ಅದು 1966ರಲ್ಲೇ ಕಾವೊಸ್ಯೂಂಗ್‌ನಲ್ಲಿ ಅಂಥದ್ದನ್ನು ತೆರೆದಿತ್ತು. ಡೆಂಗ್ ಸುಮ್ಮನೆ ವಿಶೇಷ ವಲಯ ಅನ್ನಿ ಅಂದ. ಯುದ್ಧಕಾಲದಲ್ಲಿ ತಮ್ಮ ಪಕ್ಷದ ಹಿಡಿತದಲ್ಲಿದ್ದ ಪ್ರದೇಶಕ್ಕೂ ಅಂಥದ್ದೇ ಹೆಸರಿತ್ತು. ಜೊತೆಗೆ ಕೇಂದ್ರದಲ್ಲಿ ದುಡ್ಡಿಲ್ಲ, ದಾರಿ ನೀವೇ ಮಾಡಿಕೊಳ್ಳಿ ಅಂತಲೂ ಸೇರಿಸಿದ.

1980ರ ಆಗಸ್ಟ್ 26ರಂದು ವಿಶೇಷ ವಲಯಗಳ ಕಾನೂನಿಗೆ ಒಪ್ಪಿಗೆ ಸಿಕ್ಕಿತು. ಒಟ್ಟು ನಾಲ್ಕು ಊರು, ಒಂದೊಂದಕ್ಕೂ ಒಂದೊಂದು ಕಾರಣ. ಶೆನ್‌ಝೆನ್ ಹಾಂಗ್‌ಕಾಂಗ್‌ಗೆ ಅಂಟಿಕೊಂಡಿತ್ತು, ಝುಹಾಯ್ ಮಕಾವ್‌ಗೆ. ಶಾಂಟೌ ಊರಿನವರು ಆಗ್ನೇಯ ಏಷ್ಯಾದ ತುಂಬಾ ವ್ಯಾಪಾರಸ್ಥರಾಗಿದ್ದರು. ಶಿಯಾಮೆನ್ ಎದುರಿಗೇ ತೈವಾನ್. ಅಂದರೆ ಬಂಡವಾಳ ಎಲ್ಲಿದೆ, ಆ ಬಂಡವಾಳಕ್ಕೆ ಯಾವ ಊರಿನ ಭಾಷೆ, ನಂಟು, ದಾರಿ ಗೊತ್ತಿದೆ ಅಂತ ನೋಡಿ ಜಾಗ ಆರಿಸಿದ್ದರು.

ಶೆನ್‌ಝೆನ್ ಅಂದರೆ ಆಗ ಮೀನುಗಾರರ ಹಳ್ಳಿ ಅನ್ನೋ ಕಥೆ ಎಲ್ಲ ಕಡೆ ಓಡಾಡುತ್ತೆ. ನಿಜಕ್ಕೂ ಅದು ಸುಮಾರು 3 ಲಕ್ಷ ಜನರಿದ್ದ ಜಿಲ್ಲೆ. ರೈಲು ನಿಲ್ದಾಣ, ಸಂತೆ ಪೇಟೆ ಎಲ್ಲ ಇತ್ತು. ವಲಯ ಅಂತ ಗುರುತಿಸಿದ ಜಾಗ 327.5 ಚದರ ಕಿಲೋಮೀಟರ್. ಮೊದಲು ಬಂದವರು ಸೈನ್ಯದ ಎಂಜಿನಿಯರಿಂಗ್ ದಳದವರು, ಸುಮಾರು 20 ಸಾವಿರ ಮಂದಿ. ಗುಡ್ಡ ಕಡಿದು ತಗ್ಗು ತುಂಬಿದರು, ರಸ್ತೆ, ನೀರು, ಕರೆಂಟು ಎಳೆದರು.

ಹೂಡಿಕೆದಾರನಿಗೆ ಸಿಕ್ಕಿದ್ದೇನು? ಆದಾಯ ತೆರಿಗೆ 15%, ಹಾಂಗ್‌ಕಾಂಗ್‌ಗಿಂತ ಚೂರು ಕಡಿಮೆ. ತರಿಸಿಕೊಳ್ಳುವ ಯಂತ್ರ, ಕಚ್ಚಾಮಾಲಿಗೆ ಸುಂಕವಿಲ್ಲ. ಕಂಪನಿ ಪೂರ್ತಿ ನಿನ್ನದೇ ಇರಬಹುದು. ಆದರೆ ಇಷ್ಟಕ್ಕೇ ಯಾರೂ ಬರ್ತಿರಲಿಲ್ಲ. ಹಾಂಗ್‌ಕಾಂಗ್‌ನ ಗಾರ್ಮೆಂಟ್, ಆಟಿಕೆ, ಎಲೆಕ್ಟ್ರಾನಿಕ್ಸ್ ಮಾಲೀಕನಿಗೆ ಅಲ್ಲಿ ಕೂಲಿ, ಬಾಡಿಗೆ ಎರಡೂ ಗಂಟಲಿಗೆ ಬಂದಿತ್ತು. ಸೇತುವೆ ದಾಟಿದರೆ ಎರಡೂ ಅಗ್ಗ. ಬೆಳಿಗ್ಗೆ ಹೋಗಿ ಕಾರ್ಖಾನೆ ನೋಡಿ ಸಂಜೆ ಮನೆಗೆ ಬರಬಹುದು. ಮಾಲು ಹಡಗು ಹತ್ತಿಸೋಕೆ ಹಾಂಗ್‌ಕಾಂಗ್ ಬಂದರು ಪಕ್ಕದಲ್ಲೇ.

ಶುರುವಿನ ವ್ಯವಹಾರ ಸರಳ. ಬಟ್ಟೆ, ಬಿಡಿಭಾಗ, ಡಿಸೈನ್, ಯಂತ್ರ ಎಲ್ಲ ಹಾಂಗ್‌ಕಾಂಗ್‌ನವನದ್ದು. ಶೆಡ್ಡು ಮತ್ತು ಕೈಗಳು ಈ ಕಡೆಯವರದ್ದು. ಜೋಡಿಸಿ ವಾಪಸ್ ಕಳಿಸಿದರೆ ಮಜೂರಿ. ನಮ್ಮಲ್ಲಿ ಜಾಬ್ ವರ್ಕ್ ಅಂತೀವಲ್ಲ, ಅದೇ. ಚೀನಾ ಒಂದು ಡಾಲರ್ ಖರ್ಚು ಮಾಡದೆ ಡಾಲರ್ ಗಳಿಸತೊಡಗಿತು. ಬರಬರುತ್ತಾ ಮಜೂರಿ ಹೋಗಿ ಕಾರ್ಖಾನೆಗಳೇ ಬಂದವು. ತೈವಾನ್‌ನ ಫಾಕ್ಸ್‌ಕಾನ್ ಚೀನಾದಲ್ಲಿ ಮೊದಲ ಕಾರ್ಖಾನೆ ತೆರೆದದ್ದು 1988ರಲ್ಲಿ, ಇದೇ ಶೆನ್‌ಝೆನ್‌ನಲ್ಲಿ.

ನಮ್ಮ ಓದಿಗೆ ದಕ್ಕಿದ ಮುಖ್ಯ ಸಂಗತಿ ಇನ್ನೊಂದು. 1980ರ ದಶಕದಲ್ಲಿ ಶೆನ್‌ಝೆನ್ ವಲಯದ ಸುತ್ತ ಸುಮಾರು 85 ಕಿಲೋಮೀಟರ್ ಬೇಲಿ ಹಾಕಿದರು. ಚೀನಾದವರೇ ಒಳಗೆ ಹೋಗಬೇಕಾದರೂ ಪಾಸ್ ಬೇಕು. ಬೇಲಿ ತಡೆದದ್ದು ಬರೀ ಕಳ್ಳಮಾಲನ್ನಲ್ಲ. ಒಳಗಿನ ನಿಯಮ ಬೇರೆ, ಹೊರಗಿನದ್ದು ಬೇರೆ. ಹೊರಗೆ ಸರ್ಕಾರಿ ಕೆಲಸ ಅಂದರೆ ಸಾಯೋವರೆಗೂ ಖಾಯಂ; ಒಳಗೆ ಒಪ್ಪಂದದ ಮೇಲೆ ನೇಮಕ, ಮಾಡಿದಷ್ಟು ಸಂಬಳ. 1986ರಲ್ಲಿ ಆ ಒಪ್ಪಂದದ ಪದ್ಧತಿ ದೇಶದ ಎಲ್ಲ ಸರ್ಕಾರಿ ಕಾರ್ಖಾನೆಗಳ ಹೊಸ ನೇಮಕಾತಿಗೂ ಬಂತು. ಜಮೀನು ಪರಭಾರೆ ಮಾಡೋದನ್ನು ಸಂವಿಧಾನವೇ ನಿಷೇಧಿಸಿತ್ತು; 1987ರ ಡಿಸೆಂಬರ್ 1ರಂದು ಶೆನ್‌ಝೆನ್ ಒಂದು ನಿವೇಶನದ 50 ವರ್ಷದ ಬಳಕೆಯ ಹಕ್ಕನ್ನು ಬಹಿರಂಗ ಹರಾಜು ಹಾಕಿತು. ಮುಂದಿನ ಏಪ್ರಿಲ್‌ನಲ್ಲಿ ಸಂವಿಧಾನವನ್ನೇ ತಿದ್ದಿದರು. ಲ್ಯಾಬಿನಲ್ಲಿ ಸಣ್ಣ ಮಾಡೆಲ್ ಮೇಲೆ ಟೆಸ್ಟ್ ಮಾಡಿ, ಆಮೇಲೆ ದೊಡ್ಡದಕ್ಕೆ ಹೋಗ್ತೀವಲ್ಲ, ಹಾಗೆ. ಕೆಟ್ಟರೆ ಒಂದು ಮೂಲೆ ಕೆಡುತ್ತೆ, ದೇಶ ಕೆಡಲ್ಲ.

ಅನುಮಾನ, ಸಾವು, ಮತ್ತೊಂದು ಪ್ರವಾಸ

ವಿರೋಧ ಜೋರಾಗೇ ಇತ್ತು. ಹಿಂದೆ ಪರದೇಶದವರು ಬಲವಂತವಾಗಿ ಕಿತ್ತುಕೊಂಡ ಬಂದರುಗಳನ್ನು ಈಗ ನಾವೇ ತಟ್ಟೆಯಲ್ಲಿಟ್ಟು ಕೊಡ್ತಿದ್ದೀವಾ ಅಂತ ಹಿರಿಯ ಕಮ್ಯುನಿಸ್ಟರು ಗೊಣಗಿದರು. 1984ರ ಜನವರಿಯಲ್ಲಿ ಡೆಂಗ್ ತಾನೇ ನೋಡೋಕೆ ಬಂದ. 53 ಮಹಡಿಯ ವಾಣಿಜ್ಯ ಕೇಂದ್ರದ ಕಟ್ಟಡ ಆಗ ಏಳ್ತಿತ್ತು. ಸಿವಿಲ್‌ನವರಿಗೆ ಗೊತ್ತಿರುವ ಸ್ಲಿಪ್ ಫಾರ್ಮ್ ವಿಧಾನದಲ್ಲಿ ಮೂರು ದಿನಕ್ಕೆ ಒಂದು ಮಹಡಿ. ಡೆಂಗ್ ಎಲ್ಲ ನೋಡಿ, ಏನೂ ಹೇಳದೆ ಹೊರಟುಬಿಟ್ಟ. ಝುಹಾಯ್‌ಗೆ ಹೋಗಿ ಅಲ್ಲಿ ಮಾತ್ರ ಮೆಚ್ಚುಗೆ ಬರೆದುಕೊಟ್ಟ. ಶೆನ್‌ಝೆನ್‌ನವರಿಗೆ ನಿದ್ದೆ ಬರಲಿಲ್ಲ. ಗುವಾಂಗ್‌ಝೌವರೆಗೆ ಜನ ಕಳಿಸಿ ಕೇಳಿಸಿದರು. ಆಗ ಆತ ಈ ನೀತಿ ಸರಿ ಅನ್ನೋದನ್ನು ಶೆನ್‌ಝೆನ್ ತೋರಿಸಿಕೊಟ್ಟಿದೆ ಅನ್ನುವ ಅರ್ಥದ ಸಾಲು ಬರೆದು, ತಾನು ಶೆನ್‌ಝೆನ್‌ನಲ್ಲಿದ್ದ ದಿನದ ತಾರೀಕನ್ನೇ ಹಾಕಿದ. ಅದೇ ವರ್ಷ ಕರಾವಳಿಯ ಇನ್ನೂ 14 ನಗರ ಹೊರದೇಶದ ಹೂಡಿಕೆಗೆ ತೆರೆದುಕೊಂಡವು.

ಮರುವರ್ಷವೇ ಬಿರುಕು ಕಾಣಿಸಿತು. ಶೆನ್‌ಝೆನ್ ರಫ್ತು ಮಾಡಿ ಗಳಿಸೋದಕ್ಕಿಂತ ಪರದೇಶದ ಮಾಲು ತರಿಸಿ ಒಳನಾಡಿಗೆ ಮಾರಿ ಗಳಿಸೋದೇ ಹೆಚ್ಚು ಅನ್ನೋ ಟೀಕೆ ಬಂತು, ಅದರಲ್ಲಿ ಸತ್ಯವೂ ಇತ್ತು. ಸಾಲ ಬಿಗಿಮಾಡಿದರು, ಎಷ್ಟೋ ಕಟ್ಟಡ ಅರ್ಧಕ್ಕೆ ನಿಂತವು. ಡೆಂಗ್ ಇದನ್ನು ಪ್ರಯೋಗ ಅಂತಲೇ ಕರೆದ. ಸೋತರೂ ಪಾಠ ಸಿಗುತ್ತೆ ಅನ್ನೋದು ಆತನ ನಿಲುವು.

ಈ ಪ್ರಯೋಗದ ಖರ್ಚನ್ನು ಯಾರು ಕೊಟ್ಟರು ಅನ್ನೋದನ್ನು ಬಿಟ್ಟರೆ ಕಥೆ ಪೂರ್ತಿ ಆಗಲ್ಲ. ಕಾರ್ಖಾನೆಗಳ ಸಾಲು ಬೆಂಚಿನಲ್ಲಿ ಕೂತವರು ಹುನಾನ್, ಸಿಚುವಾನ್‌ನಂಥ ಒಳನಾಡಿನ ಹಳ್ಳಿಗಳಿಂದ ಬಂದ ಹದಿನೆಂಟು ಇಪ್ಪತ್ತರ ಹುಡುಗಿಯರು. ಡೆಂಗ್ ಊರಿನ ಕಡೆಯವರೇ. ನಗರದಲ್ಲಿ ದುಡಿಯಬಹುದು, ಆದರೆ ನಗರದ ನಿವಾಸಿ ಅನ್ನೋ ಹಕ್ಕಿಲ್ಲ; ಹುಷಾರು ತಪ್ಪಿದರೆ, ಮದುವೆಯಾದರೆ ಊರಿಗೆ ವಾಪಸ್. 1993ರ ನವೆಂಬರ್ 19ರಂದು ವಲಯದ ಬೇಲಿಯ ಆಚೆ, ಅದೇ ಶೆನ್‌ಝೆನ್ ನಗರದ ಕ್ವೈಚೊಂಗ್‌ನಲ್ಲಿ ಝಿಲಿ ಆಟಿಕೆ ಕಾರ್ಖಾನೆಗೆ ಬೆಂಕಿ ಬಿತ್ತು. ಬಾಗಿಲುಗಳಿಗೆ ಬೀಗ, ಕಿಟಕಿಗಳಿಗೆ ಕಬ್ಬಿಣದ ಸರಳು. 87 ಜನ ಸತ್ತರು, ಬಹುತೇಕ ಎಲ್ಲರೂ ಯುವತಿಯರು. ಅಗ್ಗದ ಕೂಲಿ ಅನ್ನೋ ಪದವನ್ನು ನಾವು ನೋಟ್ಸ್‌ನಲ್ಲಿ ಒಂದು ಪಾಯಿಂಟ್ ಅಂತ ಬರೀತೀವಿ. ಅದರ ಹಿಂದೆ ಇಂಥ ಬೀಗಗಳೂ ಇರ್ತವೆ.

ಇನ್ನೊಂದು ಬೀಗ ರಾಜಕೀಯದ್ದು. ಮಾರುಕಟ್ಟೆ ತೆರೆದ ಡೆಂಗ್ ಅಧಿಕಾರವನ್ನು ಮಾತ್ರ ತೆರೆಯಲಿಲ್ಲ. 1989ರಲ್ಲಿ ವಿದ್ಯಾರ್ಥಿಗಳು ಬೀಜಿಂಗ್‌ನ ತಿಯಾನನ್‌ಮೆನ್ ಚೌಕದಲ್ಲಿ ವಾರಗಟ್ಟಲೆ ಕೂತಾಗ, ಜೂನ್ 3 ಮತ್ತು 4ರ ರಾತ್ರಿ ಸೈನ್ಯ ಗುಂಡು ಹಾರಿಸಿತು. ಆ ನಿರ್ಧಾರದ ಹಿಂದೆ ಡೆಂಗ್ ಇದ್ದ. ಕಾಲೇಜು ಬಾಗಿಲು ಮತ್ತೆ ತೆರೆಸಿದವನೂ, ಕಾಲೇಜು ಹುಡುಗರ ಮೇಲೆ ಟ್ಯಾಂಕ್ ಕಳಿಸಿದವನೂ ಒಬ್ಬನೇ. ಎರಡರಲ್ಲಿ ಒಂದನ್ನು ಮರೆತು ಇನ್ನೊಂದನ್ನು ಹೇಳೋದು ನಮಗೆ ಸರಿ ಕಾಣಲಿಲ್ಲ.

ಅದಾದ ಮೇಲೆ ಹೂಡಿಕೆದಾರರು ಹಿಂಜರಿದರು, ಪಕ್ಷದೊಳಗೆ ವಲಯಗಳನ್ನೇ ಮುಚ್ಚಬೇಕು ಅನ್ನುವವರ ದನಿ ಏರಿತು. ಡೆಂಗ್ ಬಳಿ ಯಾವ ಹುದ್ದೆಯೂ ಉಳಿದಿರಲಿಲ್ಲ. 1992ರ ಜನವರಿಯಲ್ಲಿ 87ರ ಮುದುಕ ರೈಲು ಹತ್ತಿ ಮತ್ತೆ ದಕ್ಷಿಣಕ್ಕೆ ಬಂದ. 53ನೇ ಮಹಡಿಯ ಮೇಲಿನಿಂದ ಶೆನ್‌ಝೆನ್ ನೋಡಿದ, ಹೋದಲ್ಲೆಲ್ಲ ಸುಧಾರಣೆ ನಿಲ್ಲಬಾರದು ಅಂತ ಒತ್ತಿ ಹೇಳಿದ. ಬೀಜಿಂಗ್‌ನ ಪತ್ರಿಕೆಗಳು ವಾರಗಟ್ಟಲೆ ಒಂದಕ್ಷರ ಬರೆಯಲಿಲ್ಲ. ಮಾರ್ಚ್ 26ರಂದು ಶೆನ್‌ಝೆನ್‌ನ ಪತ್ರಿಕೆ ಪೂರ್ತಿ ವರದಿ ಹಾಕಿತು. ಅಲ್ಲಿಂದ ಗಾಳಿ ತಿರುಗಿತು. ಚೀನಾಕ್ಕೆ ಬಂದ ವಿದೇಶಿ ನೇರ ಹೂಡಿಕೆ 1991ರಲ್ಲಿ ಸುಮಾರು 440 ಕೋಟಿ ಡಾಲರ್, 1992ರಲ್ಲಿ ಸುಮಾರು 1,100 ಕೋಟಿ, 1993ರಲ್ಲಿ ಸುಮಾರು 2,750 ಕೋಟಿ. 1992ರಲ್ಲಿ ತೆರಿಗೆ ದರ ಬದಲಾಗಿರಲಿಲ್ಲ. ಇವತ್ತು ಇರುವ ನಿಯಮ ನಾಳೆಯೂ ಇರುತ್ತೆ ಅನ್ನೋ ನಂಬಿಕೆ ಮಾತ್ರ ಹುಟ್ಟಿತ್ತು.

1997ರ ಫೆಬ್ರವರಿ 19ರಂದು ಡೆಂಗ್ ತೀರಿಕೊಂಡ. ಹಾಂಗ್‌ಕಾಂಗ್ ಚೀನಾಕ್ಕೆ ಮರಳೋಕೆ ಐದು ತಿಂಗಳೂ ಇರಲಿಲ್ಲ. ಆ ನೆಲದ ಮೇಲೆ ಒಮ್ಮೆ ನಡೆಯೋ ಆಸೆ ಹಾಗೇ ಉಳಿಯಿತು. ಕಣ್ಣಿನ ಕಾರ್ನಿಯಾ ದಾನ ಕೊಟ್ಟಿದ್ದ. ಚಿತಾಭಸ್ಮವನ್ನು ಸಮುದ್ರಕ್ಕೆ ಬಿಟ್ಟರು. ಹುವಾವೆ, ಬಿವೈಡಿ, ಟೆನ್ಸೆಂಟ್ ಮೂರೂ ಶೆನ್‌ಝೆನ್‌ನಲ್ಲೇ ಹುಟ್ಟಿದವು. 2020ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 1 ಕೋಟಿ 75 ಲಕ್ಷ ದಾಟಿತ್ತು. 2018ರಲ್ಲಿ ಆ ಬೇಲಿಯನ್ನು ಅಧಿಕೃತವಾಗಿ ರದ್ದು ಮಾಡಿದರು. ಒಳಗಿನ ನಿಯಮಗಳು ಅಷ್ಟೊತ್ತಿಗೆ ಹೊರಗೂ ಬಂದಾಗಿತ್ತು.

ಕಾಂಡ್ಲಾ ಮತ್ತು ನಾವು

ಏಷ್ಯಾದ ಮೊದಲ ರಫ್ತು ಸಂಸ್ಕರಣಾ ವಲಯ ಯಾವುದು ಅಂತ ಕ್ವಿಜ್‌ನಲ್ಲಿ ಕೇಳಿದರೆ ಚೀನಾ ಅನ್ನಬೇಡಿ. ಅದು ಗುಜರಾತಿನ ಕಾಂಡ್ಲಾ, 1965. ಶೆನ್‌ಝೆನ್‌ಗಿಂತ 15 ವರ್ಷ ಮೊದಲು. ಹಾಗಾದರೆ ಕಾಂಡ್ಲಾ ಯಾಕೆ ಶೆನ್‌ಝೆನ್ ಆಗಲಿಲ್ಲ? ಒಂದು, ಅಳತೆ. ಕಾಂಡ್ಲಾ ಇವತ್ತಿಗೂ ಸುಮಾರು 1,000 ಎಕರೆ. ಶೆನ್‌ಝೆನ್ ವಲಯ ಶುರುವಿನಲ್ಲೇ ಸುಮಾರು 81 ಸಾವಿರ ಎಕರೆ. ಎರಡು, ನೆರೆ. ಕಾಂಡ್ಲಾ ಪಕ್ಕದಲ್ಲಿ ಜಾಗ ಸಾಲದೆ ಒದ್ದಾಡುವ ಹಾಂಗ್‌ಕಾಂಗ್ ಇರಲಿಲ್ಲ. ಮೂರು, ಕಾಂಡ್ಲಾದ ಬೇಲಿಯೊಳಗೆ ಸುಂಕದ ನಿಯಮ ಬೇರೆ ಇತ್ತು ಅಷ್ಟೇ. ದೇಶ ನಾಳೆ ಹೇಗಿರಬೇಕು ಅನ್ನೋದರ ಪರೀಕ್ಷೆ ಅಲ್ಲಿ ನಡೆಯಲಿಲ್ಲ.

ಚೀನಾ ನೋಡಿ ಬಂದ ಆಗಿನ ವಾಣಿಜ್ಯ ಸಚಿವ ಮುರಸೊಲಿ ಮಾರನ್ ಕಾಲದಲ್ಲಿ, 2000ದಲ್ಲಿ, ನಮ್ಮ ಎಸ್‌ಇಝಡ್ ನೀತಿ ಬಂತು. 2005ರಲ್ಲಿ ಕಾಯ್ದೆ ಆಯಿತು, 2006ರ ಫೆಬ್ರವರಿಯಲ್ಲಿ ಜಾರಿಯಾಯಿತು. ರಫ್ತಿನ ಲಾಭಕ್ಕೆ ಮೊದಲ ಐದು ವರ್ಷ ಪೂರ್ತಿ ತೆರಿಗೆ ವಿನಾಯಿತಿ, ಮುಂದಿನ ಐದು ವರ್ಷ ಅರ್ಧ. ಐಟಿ ವಲಯಕ್ಕೆ ಆಗ 10 ಹೆಕ್ಟೇರ್, ಅಂದರೆ ಸುಮಾರು 25 ಎಕರೆ ಇದ್ದರೆ ಸಾಕಿತ್ತು. ಹಾಗಾಗಿ ನಮ್ಮ ಎಸ್‌ಇಝಡ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಐಟಿಯವೇ ಆದವು, ನಗರದೊಳಗಿನ ಟೆಕ್ ಪಾರ್ಕುಗಳಾದವು. ಕೆಲಸ ಸಿಕ್ಕಿತು, ರಫ್ತು ಏರಿತು, ಅದನ್ನು ಅಲ್ಲಗಳೆಯೋಕಾಗಲ್ಲ. ಆದರೆ 2011ರ ಬಜೆಟ್‌ನಲ್ಲಿ ಈ ವಲಯಗಳಿಗೂ ಕನಿಷ್ಠ ಪರ್ಯಾಯ ತೆರಿಗೆ ಬಂತು, ಕೊಟ್ಟ ಮಾತಿನ ಅರ್ಧ ವಾಪಸ್ ಹೋದಂತಾಯಿತು. ನಮ್ಮ ಮಂಗಳೂರಿನ ಎಸ್‌ಇಝಡ್‌ಗೆ ಜಮೀನು ಬಿಡಲ್ಲ ಅಂತ ರೈತರು ವರ್ಷಗಟ್ಟಲೆ ಹೋರಾಡಿದರು. ಇಲ್ಲಿ ಅವರು ಬೇಡ ಅನ್ನಬಹುದಿತ್ತು, ಅಂದರು ಕೂಡ. ಶೆನ್‌ಝೆನ್ ಕಟ್ಟುವಾಗ ಹಾಗೆ ಅನ್ನೋ ಅವಕಾಶ ಎಷ್ಟು ಜನಕ್ಕೆ ಇತ್ತು ಅನ್ನೋದನ್ನೂ ಹೋಲಿಕೆ ಮಾಡುವಾಗ ನೆನಪಿಡಬೇಕು.

ನಾಳೆ ಯಾವುದೋ ಜಿಲ್ಲೆಯಲ್ಲಿ ಹೊಸ ಕೈಗಾರಿಕಾ ವಲಯ ಬರುತ್ತೆ ಅಂತ ಸುದ್ದಿ ಓದ್ತೀರಿ. ಎಷ್ಟು ಸಾವಿರ ಕೋಟಿ ಹೂಡಿಕೆ ಅನ್ನೋ ಹೆಡ್‌ಲೈನ್ ದಾಟಿ ಕೆಲವು ಪ್ರಶ್ನೆ ಕೇಳಿ. ಬಂದರು, ನೀರು, ಕರೆಂಟು ಹತ್ತಿರ ಇದೆಯಾ? ನಿಯಮ ಹತ್ತು ವರ್ಷ ಹಾಗೇ ಇರುತ್ತಾ? ಜಮೀನು ಕೊಟ್ಟವರಿಗೆ ಏನು ಸಿಕ್ಕಿತು? ಅಲ್ಲಿ ದುಡಿಯೋರು ಬರೀ ಜೋಡಿಸ್ತಾರಾ, ಅಥವಾ ಮಾಡೋದನ್ನೂ ಕಲೀತಾರಾ? ಶಿಫ್ಟ್ ಮುಗಿಯೋವರೆಗೆ ಬಾಗಿಲಿಗೆ ಯಾರಾದರೂ ಬೀಗ ಹಾಕ್ತಾರಾ? ನಮ್ಮಲ್ಲಿ ಕೆಲವರು ಅಂಥ ಕಾರ್ಖಾನೆಯ ಸೇಫ್ಟಿ ಆಡಿಟ್‌ಗೆ ಸಹಿ ಹಾಕುವ ಎಂಜಿನಿಯರ್ ಆಗ್ತೀವಿ. ಆ ಕೊನೇ ಪ್ರಶ್ನೆಗೆ ಉತ್ತರ ಬರೆಯೋ ಪೆನ್ನು ಆಗ ನಮ್ಮ ಕೈಯಲ್ಲೇ ಇರುತ್ತೆ.